ಕೊನೆಯೇ ಮೊದಲಾಗುವ ವಿಡಿಯೋ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಮೇಜಿನ ಮೇಲೊಂದು ಪರದೆ, ಅದರಲ್ಲಿ ಕೆಲವೇ ಸೆಕೆಂಡುಗಳ ವಿಡಿಯೋ ಒಂದು ಬೆಳಗಿನಿಂದ ಸಂಜೆಯವರೆಗೆ ತಾನಾಗಿ ಓಡುತ್ತಿರುವುದನ್ನು ನೀವು ನೋಡಿರಬಹುದು. ಮುಗಿದೊಡನೆ ಮತ್ತೆ ಮೊದಲಿನಿಂದ ಪ್ರಾರಂಭವಾಗುವ ಈ ಏರ್ಪಾಡಿಗೆ ‘ಲೂಪ್’ ಎಂದು ಹೆಸರು. ಗುಂಡಿ ಒತ್ತಿದರೆ ಆಗುವ ಕೆಲಸವಿದು. ಆದರೂ ಕೆಲವು ವಿಡಿಯೋಗಳು ಎಲ್ಲಿ ಮುಗಿದವು, ಎಲ್ಲಿ ಶುರುವಾದವು ಎಂದು ತಿಳಿಯದಂತೆ ಸಾಗುತ್ತವೆ. ಕೆಲವು ಪ್ರತಿ ಸುತ್ತಿನಲ್ಲೂ ಒಮ್ಮೆ ಎಡವುತ್ತವೆ. ಏಕೆ? ಟಿ.ವಿ. ಕಾರ್ಯಕ್ರಮದ ನಡುವೆ ಲೆಕ್ಕ ಬಿಡಿಸಿ ತೋರಿಸುವುದು ಕಷ್ಟ. ಆದ್ದರಿಂದ ಇಲ್ಲಿ ಸಾವಧಾನವಾಗಿ ನೋಡೋಣ.

ಲೂಪ್ ಎಂಬುದು ಸಿನಿಮಾಕ್ಕಿಂತ ಹಳೆಯದು. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲೇಟೋ ಒಂದು ದುಂಡು ತಟ್ಟೆಯ ಅಂಚಿನಲ್ಲಿ ಸಾಲು ಚಿತ್ರಗಳನ್ನು ಬರೆದು, ತಟ್ಟೆಯನ್ನು ತಿರುಗಿಸಿ, ಅವು ಚಲಿಸುವಂತೆ ತೋರಿಸಿದರು. ತಟ್ಟೆಯೇ ವೃತ್ತವಾದ್ದರಿಂದ ಕೊನೆಯ ಚಿತ್ರದ ಪಕ್ಕದಲ್ಲೇ ಮೊದಲನೆಯದು ಇರುತ್ತಿತ್ತು. 1894ರಲ್ಲಿ ನ್ಯೂಯಾರ್ಕಿನಲ್ಲಿ ಜನರ ನೋಟಕ್ಕೆ ತೆರೆದ ಎಡಿಸನ್ನರ ಕೈನೆಟೋಸ್ಕೋಪ್ ಪೆಟ್ಟಿಗೆಯೊಳಗೆ ಸುಮಾರು 50 ಅಡಿ ಫಿಲ್ಮಿನ ಎರಡು ತುದಿಗಳನ್ನು ಅಂಟಿಸಿ ರಾಟೆಗಳ ಮೇಲೆ ಹಾಯಿಸಲಾಗಿತ್ತು. ಮುಂದೆ ಚಲನಚಿತ್ರಗಳ ಡಬ್ಬಿಂಗ್‌ನಲ್ಲಿಯೂ ಸಣ್ಣ ಫಿಲ್ಮ್ ತುಂಡಿನ ತುದಿಗಳನ್ನು ಹೀಗೆಯೇ ಜೋಡಿಸುತ್ತಿದ್ದರು. ನಟರು ಅದನ್ನು ಮತ್ತೆ ಮತ್ತೆ ನೋಡುತ್ತಾ ತುಟಿಯ ಚಲನೆಗೆ ಮಾತು ಹೊಂದಿಸುತ್ತಿದ್ದರು.

ಕಂಪ್ಯೂಟರಿನ ಕಡತಕ್ಕೆ ಅಂಟಿಸಲು ತುದಿಗಳಿಲ್ಲ. ಅದು ಕೊನೆ ಮುಟ್ಟಿದಾಗ ಪ್ಲೇಯರ್ ತಂತ್ರಾಂಶ ಮೊದಲಿಗೆ ಜಿಗಿಯಬೇಕು. ಹಾಗೆ ಜಿಗಿಯೆಂದು ಹೇಳುವ ವಿಧಾನಗಳು ಹಲವು. ವಿ.ಎಲ್.ಸಿ. ಪ್ಲೇಯರಿನಲ್ಲಿ ‘ಎಲ್’ ಕೀಲಿಯನ್ನು ಒತ್ತುತ್ತಾ ಹೋದರೆ ಪಟ್ಟಿಯನ್ನೆಲ್ಲ ಪುನರಾವರ್ತಿಸು, ಇದೊಂದನ್ನೇ ಪುನರಾವರ್ತಿಸು, ಪುನರಾವರ್ತನೆ ಬೇಡ ಎಂಬ ಮೂರು ಸ್ಥಿತಿಗಳು ಸರದಿಯಾಗಿ ಬರುತ್ತವೆ. ಪವರ್‌ಪಾಯಿಂಟ್‌ನಲ್ಲಿ ‘ಲೂಪ್ ಅಂಟಿಲ್ ಸ್ಟಾಪ್ಡ್’ ಎಂಬ ಆಯ್ಕೆ ಇದೆ. ಜಿಫ್ ಚಿತ್ರಗಳಿಗೆ ಈ ಸೌಲಭ್ಯವನ್ನು 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಒದಗಿಸಿತು. ಅಲ್ಲಿ ಎಷ್ಟು ಸಲ ಎಂಬ ಜಾಗದಲ್ಲಿ ಸೊನ್ನೆ ಬರೆದರೆ ‘ಎಣಿಕೆಯೇ ಇಲ್ಲ’ ಎಂದರ್ಥ!

ಆಜ್ಞೆ ಕೊಡುವುದು ಇಷ್ಟು ಸುಲಭ. ಕಷ್ಟವಿರುವುದು ಬೆಸುಗೆಯಲ್ಲಿ. ಇದಕ್ಕೆ ಸರಳ ಲೋಲಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ದಾರ ಕಟ್ಟಿದ ಜಾಗದಿಂದ ಗುಂಡಿನ ಮಧ್ಯದವರೆಗೆ ಸುಮಾರು 99 ಸೆಂ.ಮೀ. ಇದ್ದರೆ ಅದರ ಆವರ್ತ ಕಾಲ 2 ಸೆಕೆಂಡು. ಸೆಕೆಂಡಿಗೆ 25 ಫ್ರೇಮುಗಳಂತೆ ಚಿತ್ರೀಕರಿಸಿದರೆ ಒಂದು ಪೂರ್ಣ ಆಂದೋಲನಕ್ಕೆ 50 ಫ್ರೇಮುಗಳು. ಗುಂಡು ನಡುವೆ ಇದ್ದು ಬಲಕ್ಕೆ ಚಲಿಸುತ್ತಿರುವಾಗ ಮೊದಲ ಫ್ರೇಮು ಇರಲಿ. 1 ಸೆಕೆಂಡಿನ ನಂತರ ಗುಂಡು ಮತ್ತೆ ನಡುವೆಯೇ ಬರುತ್ತದೆ. ಅಲ್ಲಿಗೇ ಕತ್ತರಿಸಬಹುದೇ? ಕೂಡದು. ಆಗ ಅದು ಎಡಕ್ಕೆ ಹೋಗುತ್ತಿರುತ್ತದೆ. ಕತ್ತರಿಸಿ ಲೂಪ್ ಮಾಡಿದರೆ ಕಾಣದ ಗೋಡೆಗೆ ಬಡಿದು ವಾಪಸಾದಂತೆ ತೋರುತ್ತದೆ. ಸ್ಥಾನವೂ ದಿಕ್ಕೂ ಎರಡೂ ಮರಳಿ ಬರಬೇಕು. ಅದಕ್ಕೆ 2 ಸೆಕೆಂಡು ಬೇಕು. ಇನ್ನೊಂದು ಎಚ್ಚರಿಕೆ: 51ನೆಯ ಫ್ರೇಮು ಮೊದಲನೆಯದರ ಪಡಿಯಚ್ಚು. ಅದನ್ನೂ ಸೇರಿಸಿದರೆ ಒಂದೇ ಚಿತ್ರ ಎರಡು ಸಲ ಬಂದು ಗುಂಡು ಕ್ಷಣಕಾಲ ತಡೆದಂತಾಗುತ್ತದೆ. 50ಕ್ಕೇ ನಿಲ್ಲಿಸಬೇಕು.

ಚಿತ್ರದ ಒಂದು ಭಾಗವನ್ನು ಮಾತ್ರ ಲೂಪ್ ಮಾಡುವಾಗ ಮತ್ತೊಂದು ತೊಡಕು ಎದುರಾಗುತ್ತದೆ. ಜಾಗ ಉಳಿಸಲು ವಿಡಿಯೋ ಕಡತದಲ್ಲಿ ಎಲ್ಲ ಫ್ರೇಮುಗಳನ್ನೂ ಪೂರ್ತಿಯಾಗಿ ಇಡುವುದಿಲ್ಲ. ಆಗೊಂದು ಈಗೊಂದು ಪೂರ್ಣ ಚಿತ್ರ, ಅಂದರೆ ಕೀ ಫ್ರೇಮ್ ಇರುತ್ತದೆ. ನಡುವೆ ಇರುವುದು ಬದಲಾವಣೆಗಳ ಟಿಪ್ಪಣಿ ಮಾತ್ರ. ಕಡತದ ಆರಂಭದಲ್ಲಿ ಕೀ ಫ್ರೇಮ್ ಇರುವುದರಿಂದ ಮೊದಲಿಗೆ ಜಿಗಿಯುವುದು ಸುಲಭ. ಆದರೆ ಕೀ ಫ್ರೇಮುಗಳು 10 ಸೆಕೆಂಡಿಗೊಂದರಂತೆ ಇದ್ದು, ನೀವು 9ನೆಯ ಸೆಕೆಂಡಿಗೆ ಜಿಗಿಯಲು ಹೇಳಿದರೆ, ಪ್ಲೇಯರ್ ಅದಕ್ಕೂ ಹಿಂದಿನ 225 ಫ್ರೇಮುಗಳನ್ನು ಒಳಗೊಳಗೇ ಬಿಡಿಸಿಕೊಂಡು ಬರಬೇಕು. ಅಷ್ಟು ಹೊತ್ತು ಪರದೆ ತಡವರಿಸಬಹುದು. ಬೇಕಾದ ಭಾಗವನ್ನು ಎಡಿಟಿಂಗ್ ತಂತ್ರಾಂಶದಲ್ಲಿ ಕತ್ತರಿಸಿ ಹೊಸ ಕಡತವಾಗಿ ಉಳಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಧ್ವನಿಯ ಬೆಸುಗೆ ಇನ್ನೂ ಸೂಕ್ಷ್ಮ. ವಿಡಿಯೋಗಳಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು, ಎ.ಎ.ಸಿ. ಕ್ರಮದಲ್ಲಿ 1,024 ಅಳತೆಗಳ ಕಟ್ಟುಗಳಾಗಿ ತುಂಬಿಡುತ್ತಾರೆ. 10 ಸೆಕೆಂಡಿಗೆ 468.75 ಕಟ್ಟುಗಳಾಗುತ್ತವೆ. ಮುಕ್ಕಾಲು ಕಟ್ಟು ಇಡಲು ಬರುವುದಿಲ್ಲ, 469 ಇಡಬೇಕು. ಉಳಿದ ಜಾಗದ ಮೌನ ಪ್ರತಿ ಸುತ್ತಿನಲ್ಲೂ ‘ಟಪ್’ ಎಂದು ಕಿವಿಗೆ ಬೀಳಬಹುದು. ಚಿತ್ರದ ಒಂದು ಫ್ರೇಮಿನ ಕಾಲದಲ್ಲಿ 1,920 ಅಳತೆಗಳು. 1,920 ಮತ್ತು 1,024 ಇವುಗಳ ಲ.ಸಾ.ಅ. 15,360. ಎಂದರೆ 8 ಫ್ರೇಮುಗಳಿಗೆ ಸರಿಯಾಗಿ 15 ಕಟ್ಟುಗಳು. ಲೋಲಕಕ್ಕೆ 50ರ ಅಪವರ್ತ್ಯ ಬೇಕು, ಧ್ವನಿಗೆ 8ರ ಅಪವರ್ತ್ಯ ಬೇಕು. ಎರಡಕ್ಕೂ ಒಪ್ಪುವ ಕನಿಷ್ಠ ಸಂಖ್ಯೆ 200 ಫ್ರೇಮು: 8 ಸೆಕೆಂಡು, 4 ಆಂದೋಲನ, 375 ಕಟ್ಟು. ಲ.ಸಾ.ಅ. ಯಾವುದಕ್ಕೆ ಉಪಯೋಗ ಎಂದು ಕೇಳುವವರಿಗೆ ಇಲ್ಲೊಂದು ಉತ್ತರವಿದೆ! ಧ್ವನಿಯನ್ನು ಅಡಕಗೊಳಿಸುವಾಗ ಆರಂಭದಲ್ಲಿ ತುಸು ಮೌನ ಸೇರಿಕೊಳ್ಳುವುದೂ ಉಂಟು. ಆದ್ದರಿಂದ ಧ್ವನಿ ಬೇಡವಾದರೆ ತೆಗೆದುಬಿಡುವುದು, ಬೇಕಾದರೆ ಎರಡೂ ತುದಿಗಳಲ್ಲಿ ಮೆಲ್ಲಗೆ ತಗ್ಗಿಸುವುದು ಲೇಸು.

ಹೀಗೆ ಬೆಸುಗೆ ಕಾಣದಂತಾಯಿತು ಎನ್ನೋಣ. ಈಗ ನಿಜವಾದ ಪ್ರಶ್ನೆ ಏಳುತ್ತದೆ. ನಮ್ಮ ಕೊಠಡಿಯ ಲೋಲಕ ಗಾಳಿಯ ತಡೆಯಿಂದ ಕ್ರಮೇಣ ನಿಂತುಹೋಗುತ್ತದೆ; ಪರದೆಯ ಲೋಲಕ ಎಂದೂ ನಿಲ್ಲದು. 12ನೆಯ ಶತಮಾನದಲ್ಲಿ ಎರಡನೆಯ ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ಯಲ್ಲಿ ಪಾದರಸ ತುಂಬಿದ, ತಾನಾಗಿ ತಿರುಗುವ ಚಕ್ರವೊಂದನ್ನು ವರ್ಣಿಸಿದ್ದಾರೆ. ಅಂಥ ಚಕ್ರವನ್ನು ಮಾಡಿ ತಳ್ಳಿದರೆ ಕೆಲವು ಸುತ್ತು ತಿರುಗಿ ನಿಲ್ಲುತ್ತದೆ. ಶಕ್ತಿ ಸಂರಕ್ಷಣಾ ನಿಯಮಕ್ಕೆ ರಿಯಾಯಿತಿ ಇಲ್ಲ. ಆದರೆ ಚೆನ್ನಾಗಿ ತಿರುಗುತ್ತಿರುವ ಒಂದೇ ಸುತ್ತನ್ನು ಕತ್ತರಿಸಿ ಲೂಪ್ ಮಾಡಿದರೆ? ಇಂಧನವಿಲ್ಲದೆ ಓಡುವ ನಿರಂತರ ಚಲನಯಂತ್ರ ಸಿದ್ಧ! ಇಂಥ ವಿಡಿಯೋ ನಿಮ್ಮ ಮೊಬೈಲಿಗೆ ಬಂದಾಗ ಚಕ್ರವನ್ನು ಬಿಟ್ಟು ಅದರ ಹಿಂದೆ ನೋಡಿ. ಅಲುಗುವ ಎಲೆ, ಹಾದುಹೋಗುವ ನೆರಳು, ಹಾರುವ ನೊಣ ಅಷ್ಟಷ್ಟೇ ಹೊತ್ತಿಗೆ ಅದೇ ರೀತಿ ಮರಳುತ್ತಿದ್ದರೆ ನಿಮಗೆ ಉತ್ತರ ಸಿಕ್ಕಂತೆ. ನೀವೇ ಲೂಪ್ ತಯಾರಿಸಿದಾಗ ಅದರ ಕೆಳಗೆ ‘ಇದು 8 ಸೆಕೆಂಡುಗಳ ದೃಶ್ಯದ ಪುನರಾವರ್ತನೆ’ ಎಂದು ಬರೆಯಿರಿ. ನೋಡುವವರಿಗೆ ತಿಳಿಯಬೇಕಾದ ಸಂಗತಿಯದು.

ಮಾಡಿ ನೋಡಿ: ಮೇಲೆ ಹೇಳಿದ ಲೋಲಕವನ್ನು ತೂಗುಹಾಕಿ, ಮೊಬೈಲನ್ನು ಅಲುಗದಂತೆ ನಿಲ್ಲಿಸಿ ಚಿತ್ರೀಕರಿಸಿ. 25 ಫ್ರೇಮಿನ ಲೆಕ್ಕದಲ್ಲಿ 200, 201 ಮತ್ತು 225 ಫ್ರೇಮುಗಳ ಮೂರು ಕಡತಗಳನ್ನು ಮಾಡಿ ಲೂಪ್ ಹಾಕಿ. ನಿಮ್ಮ ಮೊಬೈಲಿನಲ್ಲಿ ಸೆಕೆಂಡಿಗೆ 30 ಫ್ರೇಮು ಇದ್ದರೆ 240, 241, 270 ತೆಗೆದುಕೊಳ್ಳಿ. ಯಾವುದು ಸರಾಗ, ಯಾವುದು ತಡೆಯುತ್ತದೆ, ಯಾವುದು ಗೋಡೆಗೆ ಬಡಿಯುತ್ತದೆ ಎಂಬುದನ್ನು ಹೆಸರು ಹೇಳದೆ ಗೆಳೆಯರಿಗೆ ತೋರಿಸಿ, ಕಾರಣವನ್ನು ಅವರಿಂದಲೇ ಹೇಳಿಸಿ.