ಮುಂಗಡ ಹಣ ಕಾರ್ಡಿನಲ್ಲಿ ಬಂದಾಗ



ಬಿಕ್ಕೋಡು ಸುತ್ತಿನ ಕಾಫಿ ತೋಟಗಳಲ್ಲಿ ಈಚೆಗೆ ಒಂದು ಹೊಸ ಕಸುಬು ಬೇರು ಬಿಟ್ಟಿದೆ. ಮನೆಯಲ್ಲಿ ಮಿಕ್ಕ ಎರಡು ಕೋಣೆಗೆ ಸುಣ್ಣ ಬಳಿದು, ಪರಸ್ಥಳದವರನ್ನು ಉಳಿಸಿಕೊಂಡು, ಅಕ್ಕಿರೊಟ್ಟಿ, ಕಡುಬು, ಕಾಫಿ ಕೊಟ್ಟು, ದಿನಕ್ಕೆ ಇಷ್ಟು ಎಂದು ಹಣ ಪಡೆಯುವುದು. ಹೋಂ ಸ್ಟೇ ಅಂತ ಅದಕ್ಕೆ ಹೆಸರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇವಸ್ಥಾನ ನೋಡಲು ಬಂದವರಿಗೆ ರಾತ್ರಿ ತಂಗಲು ಒಂದು ಜಾಗ ಬೇಕಲ್ಲ!

ಈ ಕಸುಬಿನಲ್ಲಿ ಒಂದು ತೊಡಕುಂಟು. ಬೆಂಗಳೂರಿನಿಂದ ಒಬ್ಬರು ಫೋನು ಮಾಡಿ, "ಶನಿವಾರಕ್ಕೆ ಎರಡು ಕೋಣೆ ಇಟ್ಟಿರಿ" ಅಂತಾರೆ. ತಾವು ಇಡ್ತೀರಿ. ಆಮೇಲೆ ಕೇಳಿದವರಿಗೆ ಇಲ್ಲ ಅಂತೀರಿ. ನಾಟಿ ಕೋಳಿ ತರಿಸುತ್ತೀರಿ. ಶನಿವಾರ ಸಂಜೆ ಅವರು ಬರೋದೇ ಇಲ್ಲ, ಫೋನೂ ಎತ್ತೋದಿಲ್ಲ. ಕೋಣೆ ಖಾಲಿ, ಖರ್ಚು ತಮ್ಮದು. ಆದ್ದರಿಂದ ಮುಂಗಡ ಪಡೆಯದೆ ಕೋಣೆ ಹಿಡಿದಿಡಬಾರದು. ದೂರದಲ್ಲಿರುವವರಿಂದ ಮುಂಗಡ ಪಡೆಯುವ ಬಗೆ ಹೇಗೆ ಎಂಬುದೇ ಇಂದಿನ ವಿಷಯ.

ಎಲ್ಲಕ್ಕಿಂತ ಸುಲಭವಾದದ್ದು ಯುಪಿಐ. 2016ರಲ್ಲಿ ಆರಂಭವಾದ ಈ ಏರ್ಪಾಡು ತಮಗೆ ಗೊತ್ತಿರುವಂಥದ್ದೇ. 2020ರ ಜನವರಿ 1ರಿಂದ ಬ್ಯಾಂಕ್ ಖಾತೆಯಿಂದ ಹೀಗೆ ಬರುವ ಹಣಕ್ಕೆ ವ್ಯಾಪಾರಿಯಿಂದ ಶುಲ್ಕವನ್ನು ಹಿಡಿಯುವುದಿಲ್ಲ. ಅದು ಸಾಕಾಗುವ ಮನೆಗೆ ಬೇರೆ ಏನೂ ಬೇಡ ಎಂದೇ ನಮ್ಮ ಅಭಿಪ್ರಾಯ. ಆದರೆ "ಕ್ರೆಡಿಟ್ ಕಾರ್ಡಿನಲ್ಲಿ ಕೊಡಬಹುದೇ?" ಎಂದು ಕೇಳುವ ಅತಿಥಿಗಳು ಹೆಚ್ಚುತ್ತಿದ್ದಾರೆ. ಹೊರದೇಶದವರಲ್ಲಿ ಬಹುಮಂದಿಗೆ ಕಾರ್ಡೇ ಗತಿ.

ಕ್ರೆಡಿಟ್ ಕಾರ್ಡು ಅಂದರೇನು? ಕಾಫಿ ಮಾರಿದ ಮೇಲೆ ಕೊಡುತ್ತೇನೆಂದು ಅಂಗಡಿಯಲ್ಲಿ ಲೆಕ್ಕ ಬರೆಸುತ್ತೇವಲ್ಲ, ಅದೇ ರೀತಿ. ಇಲ್ಲಿ ಲೆಕ್ಕ ಬರೆದುಕೊಳ್ಳುವುದು ಅತಿಥಿಯ ಬ್ಯಾಂಕು. ಅದು ತಮಗೆ ಈಗಲೇ ಹಣ ಕೊಟ್ಟು, ಅವರಿಂದ ಮುಂದಿನ ಬಿಲ್ಲಿನಲ್ಲಿ ವಸೂಲು ಮಾಡುತ್ತದೆ. ಆ ಬ್ಯಾಂಕಿಗೂ ತಮ್ಮ ಬ್ಯಾಂಕಿಗೂ ನಡುವೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಜಾಲಗಳಿವೆ. ಆ ಜಾಲಕ್ಕೆ ತಮ್ಮನ್ನು ಸೇರಿಸುವವರು ಪಾವತಿ ಕಂಪನಿಯವರು. ಇವರಿಗೆ ರಿಜರ್ವ್ ಬ್ಯಾಂಕು 2020ರ ಮಾರ್ಚಿಯಲ್ಲಿ ಕಟ್ಟಳೆ ಮಾಡಿತು. ಅನುಮತಿ ಪಡೆದವರ ಪಟ್ಟಿ ರಿಜರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ. ಪಟ್ಟಿಯಲ್ಲಿ ಹೆಸರಿಲ್ಲದವರ ಕೈಗೆ ಕಾಗದಪತ್ರ ಕೊಡಬೇಡಿ.

ಸೇರಲು ಪ್ಯಾನ್, ಆಧಾರ್, ಪಾಸ್‌ಬುಕ್ಕು ಅಥವಾ ರದ್ದು ಮಾಡಿದ ಚೆಕ್ಕು ಕೇಳುತ್ತಾರೆ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂ ಸ್ಟೇ ನೋಂದಣಿ ಆಗಿದ್ದರೆ ಆ ಪತ್ರವನ್ನೂ ಜೊತೆಗಿಡಿ. ಅನುಮತಿ ಸಿಕ್ಕ ಮೇಲೆ ಕೆಲಸ ಹಗುರ. ಅತಿಥಿಯ ಹೆಸರು, ಮೊತ್ತ ಬರೆದು ಫೋನಿನಿಂದಲೇ ಒಂದು ಕೊಂಡಿ ಕಳಿಸುವುದು. ಪೇಮೆಂಟ್ ಲಿಂಕ್ ಅಂತಾರೆ. ಅವರು ಅದನ್ನು ಒತ್ತಿ, ಕಾರ್ಡಿನ ವಿವರ ತುಂಬಿ, ತಮ್ಮ ಫೋನಿಗೆ ಬಂದ ಓಟಿಪಿ ಹಾಕಿದರೆ ಮುಗಿಯಿತು. ತೋಟದಲ್ಲಿ ಸಿಗ್ನಲ್ ಇಲ್ಲವಲ್ಲ ಅಂತೀರಾ? ಕೊಂಡಿ ಕಳಿಸುವ ಹೊತ್ತಿಗೆ ಸಿಗ್ನಲ್ ಇದ್ದರೆ ಸಾಕು. ಅವರು ಹಣ ಕಟ್ಟುವಾಗ ತಾವು ಮೆಣಸಿನ ಬಳ್ಳಿ ಕಟ್ಟುತ್ತಿದ್ದರೂ ಚಿಂತೆಯಿಲ್ಲ. ಹಣ ಖಾತೆಗೆ ಬರಲು ಸಾಮಾನ್ಯವಾಗಿ ಎರಡು ಮೂರು ಕೆಲಸದ ದಿನ ಹಿಡಿಯುತ್ತದೆ.

ಇನ್ನು ಖರ್ಚಿನ ಮಾತು. ಕ್ರೆಡಿಟ್ ಕಾರ್ಡಿಗೆ ಶುಲ್ಕ ಉಂಟು. ನೂರಕ್ಕೆ ಎರಡು ರೂಪಾಯಿ ಎಂದು ಇಟ್ಟುಕೊಳ್ಳೋಣ. ಕಂಪನಿಯಿಂದ ಕಂಪನಿಗೆ ಇದು ಬೇರೆ. 2,000 ರೂಪಾಯಿ ಮುಂಗಡಕ್ಕೆ ಶುಲ್ಕ 40 ರೂಪಾಯಿ. 2,000 ರೂಪಾಯಿವರೆಗಿನ ಕಾರ್ಡ್ ಪಾವತಿಯಾದ್ದರಿಂದ ಆ ಶುಲ್ಕದ ಮೇಲೆ ಜಿಎಸ್‌ಟಿ ಇಲ್ಲ. ತಮ್ಮ ಕೈಗೆ ಬರುವುದು 1,960 ರೂಪಾಯಿ. "ಕಾರ್ಡಿಗೆ ಬೇರೆ ಕೊಡಿ" ಎಂದು ಅತಿಥಿಯಿಂದ ವಸೂಲು ಮಾಡಲು ಹೋಗಬೇಡಿ. ಕೋಣೆಯ ಬಾಡಿಗೆ ಗೊತ್ತುಮಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಇಲ್ಲಿ ಇನ್ನೊಂದು ದಾರಿ ಇದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗೆ ಇದಕ್ಕೂ ಶುಲ್ಕವಿಲ್ಲ. ಆದರೆ ಮನೆಯ ಮಾಮೂಲು ಖಾತೆಯ ಕ್ಯೂಆರ್ ಚೀಟಿಗೆ ಈ ಹಣ ಬಾರದು. ಬ್ಯಾಂಕಿನಿಂದ ವ್ಯಾಪಾರಿಗಳ ಕ್ಯೂಆರ್ ಪಡೆದಿರಬೇಕು.

ಹಿಂತಿರುಗಿಸುವ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಜಗಳ ಹುಟ್ಟುವುದೇ ಅಲ್ಲಿ. ನಮ್ಮ ಸೀಮೆಯ ಆನೆ ಕಾಟ ತಮಗೆ ಗೊತ್ತೇ ಇದೆ. ಹಿಂಡು ತೋಟಕ್ಕೆ ಇಳಿದಿದೆ ಎಂದು ತಿಳಿದರೆ ಅತಿಥಿ ಬರಲು ಹೆದರಿದ್ದು ತಪ್ಪೇನಲ್ಲ. ನಾವೇ ಬರಬೇಡಿ ಅನ್ನಬೇಕಾದೀತು. ಆಗ ಪೂರ್ತಿ ಹಣ ವಾಪಸು ಕೊಡುವುದು ನ್ಯಾಯ. ಆದರೆ ಬಹುಪಾಲು ಕಂಪನಿಗಳು ಮೊದಲು ಹಿಡಿದ ಶುಲ್ಕವನ್ನು ಬಿಟ್ಟುಕೊಡುವುದಿಲ್ಲ. ಆ 40 ರೂಪಾಯಿ ತಮ್ಮ ಗಂಟಿನಿಂದಲೇ ಹೋಗುತ್ತದೆ. ಹಣ ವಾಪಸು ಕೊಡುವಾಗ ಅದೇ ಕಂಪನಿಯ ಮೂಲಕ, ಅದೇ ಕಾರ್ಡಿಗೆ ಕೊಡಿ. "ಬೇರೆ ನಂಬರಿಗೆ ಹಾಕಿ" ಅಂದರೆ ಒಪ್ಪಬೇಡಿ. ಎಷ್ಟು ದಿನ ಮುಂಚೆ ತಿಳಿಸಿದರೆ ಎಷ್ಟು ವಾಪಸು ಎಂಬುದನ್ನು ಕೊಂಡಿಯ ಜೊತೆಗೇ ಬರೆದು ಕಳಿಸಿ.

ಇದು ಯಾಕೆ ಮುಖ್ಯವೆಂದರೆ, ಬಂದು ಉಂಡು ಹೋದವರೂ ಆಮೇಲೆ ತಮ್ಮ ಬ್ಯಾಂಕಿಗೆ ತಕರಾರು ಹಾಕಬಹುದು. ಇದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಆಗ ಬ್ಯಾಂಕು ಪುರಾವೆ ಕೇಳುತ್ತದೆ, ಕೆಲವೇ ದಿನ ಗಡುವು ಕೊಡುತ್ತದೆ. ಅತಿಥಿಯ ಸಹಿ ಇರುವ ರಿಜಿಸ್ಟರು, ಗುರುತಿನ ಚೀಟಿಯ ನಕಲು, ಮಾತುಕತೆಯ ಸಂದೇಶ ಇದ್ದರೆ ಬಚಾವು. ಇಲ್ಲದಿದ್ದರೆ ಬಂದ ಹಣ ವಾಪಸು ಹೋಗುತ್ತದೆ. ಹೊರದೇಶದ ಕಾರ್ಡಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಓಟಿಪಿಯಂಥ ಎರಡನೇ ದೃಢೀಕರಣ ಕಡ್ಡಾಯವೆಂಬ ನಮ್ಮ ನಿಯಮ ಆ ಕಾರ್ಡುಗಳಿಗಿಲ್ಲ, ಅವನ್ನು ತೆಗೆದುಕೊಳ್ಳಲು ಕಂಪನಿಯಿಂದ ಬೇರೆ ಅನುಮತಿಯೂ ಬೇಕು.

ಕಾರ್ಡಿನ ನಂಬರನ್ನು ಯಾರಾದರೂ ಫೋನಿನಲ್ಲಿ ಹೇಳಲು ಹೊರಟರೆ ತಡೆಯಿರಿ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿ ಆ ನಂಬರನ್ನು ಇಟ್ಟುಕೊಳ್ಳುವಂತಿಲ್ಲ.

ಮೋಸಗಾರರೂ ಇದ್ದಾರೆ. "ನಾನು ಸೈನ್ಯದ ಅಧಿಕಾರಿ, ಐದು ಕೋಣೆ ಬೇಕು, ಮುಂಗಡ ಕಳಿಸುತ್ತೇನೆ, ಈ ಚೀಟಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ತಮ್ಮ ಹಣ. ಮನೆಯಲ್ಲಿ ಫೋನು ಎತ್ತುವ ಹೆಂಗಸರಿಗೂ ಮಕ್ಕಳಿಗೂ ಇದನ್ನು ತಿಳಿಸಿ. ಮೋಸವಾದರೆ ನಾಳೆ ನೋಡೋಣ ಅನ್ನದೆ, ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಿ.

ಕೊನೆಗೆ ಲೆಕ್ಕ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ, ಬೆಂಗಳೂರಿನ ಅನೇಕ ಅಂಗಡಿಯವರು ಹೆದರಿ ಕ್ಯೂಆರ್ ಚೀಟಿಯನ್ನೇ ಕಿತ್ತುಹಾಕಿದರು. ಸೇವೆಯ ಕಸುಬಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಎರಡು ಕೋಣೆಯ ಮನೆ ಅಷ್ಟು ದಾಟುವುದು ಅಪರೂಪ. ಆದರೆ ಕಾಫಿ, ಮೆಣಸು ಮಾರಿದ ಹಣ, ಮಗನ ಸಂಬಳ, ಕೋಣೆಯ ಬಾಡಿಗೆ ಎಲ್ಲ ಒಂದೇ ಖಾತೆಗೆ ಬಿದ್ದಿದ್ದರೆ, ಯಾವುದು ಯಾವುದೆಂದು ಬಿಡಿಸಿ ತೋರಿಸುವುದು ಕಷ್ಟ. ಆದ್ದರಿಂದ ಅತಿಥಿಗಳ ಹಣಕ್ಕೆ ಬೇರೆ ಖಾತೆ ತೆರೆಯಿರಿ. ಕಾಫಿ ವ್ಯಾಪಾರಿಗೆ ಮಾತ್ರ ಹಳೇ ಖಾತೆಯ ನಂಬರನ್ನೇ ಕೊಡಿ.