ಗ್ರಂಥಿಯೇ ಇಲ್ಲದ ಕುತ್ತಿಗೆಗೆ ಕೊತ್ತಂಬರಿ ಕಷಾಯ

"ಕ್ಯಾನ್ಸರ್ ಹೋಯ್ತಲ್ಲ, ಇನ್ನೂ ಯಾಕೆ ಆ ಮಾತ್ರೆ ನುಂಗ್ತೀರಿ? ಅಭ್ಯಾಸ ಆಗಿಬಿಡುತ್ತೆ. ನಿಧಾನಕ್ಕೆ ಬಿಟ್ಟು ಕೊತ್ತಂಬರಿ ಬೀಜದ ಕಷಾಯ ಶುರು ಮಾಡಿ."

ಬೆಂಗಳೂರಿನ ಮಲ್ಲತ್ತಹಳ್ಳಿ ಕೆರೆ ಕಡೆ ಬೆಳಗಿನ ನಡಿಗೆಗೆ ಹೋದಾಗ ನನ್ನ ಕುತ್ತಿಗೆಯ ಗಾಯದ ಗುರುತು ಕಂಡು ಯಾರಾದರೊಬ್ಬರು ಈ ಮಾತು ಹೇಳದ ವಾರವೇ ಇಲ್ಲ. ಹೇಳುವವರ ಕಾಳಜಿ ನಿಜ. ಆದರೆ ಅದನ್ನು ನಂಬಿ ನಡೆದರೆ ನಾನು ಹಾಸಿಗೆ ಹಿಡಿಯುವುದೂ ಅಷ್ಟೇ ನಿಜ. ಅದಕ್ಕೇ ಇದನ್ನು ಒಮ್ಮೆ ಬಿಡಿಸಿ ಹೇಳಲೇಬೇಕು.

ಕ್ಯಾನ್ಸರ್ ಬಂದಿದ್ದ ನನ್ನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ. ಅಳಿದುಳಿದ ಚೂರನ್ನೂ ರೇಡಿಯೋ ಅಯೋಡಿನ್ ಸುಟ್ಟಿದೆ. ದಿನವೂ ನುಂಗುವ ಥೈರಾಕ್ಸಿನ್ ಮಾತ್ರೆಯಲ್ಲಿರುವುದು ಆ ಗ್ರಂಥಿ ತಯಾರಿಸುತ್ತಿದ್ದ ಹಾರ್ಮೋನೇ. ಇದು ರೋಗ ವಾಸಿಯಾದ ಮೇಲೆ ಬಿಡುವ ಔಷಧಿಯಲ್ಲ, ಇಲ್ಲದ ಅಂಗದ ಕೆಲಸ ಮಾಡುವ ವಸ್ತು. ಕನ್ನಡಕ ಹಾಕುವವರಿಗೆ "ಅಭ್ಯಾಸವಾಗುತ್ತೆ, ತೆಗೆದಿಡಿ" ಅಂತ ಯಾರಾದರೂ ಹೇಳುತ್ತಾರೆಯೇ? ಕೊತ್ತಂಬರಿ ಬೀಜದಲ್ಲಿ ಥೈರಾಕ್ಸಿನ್ ಇಲ್ಲ. ಗ್ರಂಥಿಗೆ ಬಲ ಕೊಡುತ್ತದೆ ಎನ್ನುವುದಾದರೆ, ಬಲ ಕೊಡಲು ಗ್ರಂಥಿ ಎಲ್ಲಿದೆ? ಅರ್ಧ ಗ್ರಂಥಿ ಮಾತ್ರ ತೆಗೆಸಿಕೊಂಡವರ ಲೆಕ್ಕ ಬೇರೆ. ಅವರಲ್ಲಿ ಕೆಲವರಿಗೆ ಮಾತ್ರೆಯೇ ಬೇಕಾಗುವುದಿಲ್ಲ, ಆದರೆ ಅದನ್ನು ತೀರ್ಮಾನಿಸುವುದು ರಕ್ತಪರೀಕ್ಷೆ.

ಇಷ್ಟು ಸರಳ ವಿಷಯ ಜನರ ತಲೆಗೆ ಯಾಕೆ ಇಳಿಯುವುದಿಲ್ಲ ಎಂದು ಬಹಳ ಯೋಚಿಸಿದ್ದೇನೆ. ಕಾರಣ ಮಾತ್ರೆಯ ಗುಣದಲ್ಲೇ ಇದೆ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಇವತ್ತು ಮಾತ್ರೆ ನಿಲ್ಲಿಸಿ ಕಷಾಯ ಶುರು ಮಾಡಿದವರಿಗೆ ಮೊದಲ ವಾರ ಏನೂ ಆಗುವುದಿಲ್ಲ. "ನೋಡಿದ್ರಾ, ಮಾತ್ರೆ ಇಲ್ಲದೇನೇ ಚೆನ್ನಾಗಿದೀನಿ" ಎಂಬ ಸುದ್ದಿ ಅಷ್ಟರಲ್ಲಿ ನಾಲ್ಕು ಮನೆ ಮುಟ್ಟಿರುತ್ತದೆ. ಮೂರು ನಾಲ್ಕು ವಾರ ಕಳೆದ ಮೇಲೆ ಮುಖ ಊದುತ್ತದೆ, ಚಳಿ ಹತ್ತುತ್ತದೆ, ಮಲಬದ್ಧತೆ ಕಾಡುತ್ತದೆ, ಮೆಟ್ಟಿಲು ಹತ್ತಲಾಗದಷ್ಟು ಸುಸ್ತು ಬರುತ್ತದೆ. ಆಗ ಅದಕ್ಕೆ ಹವಾಮಾನ ಕಾರಣ, ವಯಸ್ಸು ಕಾರಣ, ದೃಷ್ಟಿ ತಾಗಿದ್ದು ಕಾರಣ. ಕಷಾಯ ಮಾತ್ರ ಕಾರಣವಲ್ಲ.

ಈ ತಡದಿಂದ ಮೋಸಹೋದವರಲ್ಲಿ ದೊಡ್ಡವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಚರ್ 1874ರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಗ್ರಂಥಿಯನ್ನು ಪೂರ್ತಿ ತೆಗೆದರು. ಗಾಯ ಮಾಯಿತು, ಹುಡುಗಿ ಮನೆಗೆ ಹೋದಳು. ಆಮೇಲೆ ಅವಳು ಮಂಕಾದಳೆಂಬ ಸುದ್ದಿ ಬಂತು. 1883ರ ಹೊತ್ತಿಗೆ ತಾವು ಆಪರೇಷನ್ ಮಾಡಿದವರನ್ನೆಲ್ಲ ಮತ್ತೆ ಕರೆಸಿ ನೋಡಿದಾಗ ಪೂರ್ತಿ ಗ್ರಂಥಿ ಕಳೆದುಕೊಂಡವರಲ್ಲಿ ಹೆಚ್ಚಿನವರದೂ ಇದೇ ಕಥೆ. ಆ ಹುಡುಗಿಯ ತಂಗಿ ಎತ್ತರವಾಗಿ ಬೆಳೆದಿದ್ದಳು, ಇವಳು ಗಿಡ್ಡಳಾಗಿ, ಮುಖ ಊದಿ ನಿಂತಿದ್ದಳು. ಆಗ ಮಾತ್ರೆ ಇರಲಿಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ, ಥೈರಾಯ್ಡ್ ಕೆಲಸ ನಿಂತುಹೋಗಿದ್ದ 46 ವರ್ಷದ ಮಹಿಳೆಗೆ ಕುರಿಯ ಗ್ರಂಥಿಯ ರಸ ಚುಚ್ಚಿದರು. ಆಕೆ ಚೇತರಿಸಿಕೊಂಡು, ಆ ರಸವನ್ನು ಬಿಡದೆ ತೆಗೆದುಕೊಳ್ಳುತ್ತಾ 28 ವರ್ಷ ಬದುಕಿದರು. "ಅಭ್ಯಾಸ" ಎಂದರೆ ಇದು. 1927ರಲ್ಲಿ ಥೈರಾಕ್ಸಿನ್ನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಇವತ್ತು ಯಾವುದೇ ಮೆಡಿಕಲ್ ಶಾಪಿನಲ್ಲಿ ಕಡಿಮೆ ಬೆಲೆಗೆ ಸಿಗುವ ಡಬ್ಬಿಯ ಹಿಂದೆ ಇಷ್ಟು ಜನರ ಸಂಕಟವಿದೆ.

ಸುಸ್ತಿನ ವಿಷಯಕ್ಕೆ ಬರುತ್ತೇನೆ. ಮಲ್ಲತ್ತಹಳ್ಳಿಯಿಂದ ಬಸ್ ಬದಲಿಸುತ್ತಾ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು, ಹೊಸ ಡೋಸ್ ಬರೆಸಿಕೊಂಡು ಬಂದವರಿಗೆ ಮರುದಿನವೇ ಚೈತನ್ಯ ಬರಬೇಕು ಎನ್ನುವ ಆಸೆ ಸಹಜ. ಬರುವುದಿಲ್ಲ. ಅದೇ ಏಳು ದಿನದ ಲೆಕ್ಕದಿಂದಾಗಿ ಹೊಸ ಡೋಸ್ ದೇಹದಲ್ಲಿ ನೆಲೆಯಾಗಲು ಆರು ವಾರ ಹಿಡಿಯುತ್ತದೆ. "ಆರು ವಾರ ಬಿಟ್ಟು ಬನ್ನಿ" ಎನ್ನುವುದು ವೈದ್ಯರ ಉದಾಸೀನವಲ್ಲ. ಹದಿನೈದು ದಿನಕ್ಕೊಮ್ಮೆ ನಾವೇ ಡೋಸ್ ಏರಿಸಿ ಇಳಿಸಿದರೆ ಯಾವ ರಿಪೋರ್ಟಿಗೂ ಅರ್ಥವಿರುವುದಿಲ್ಲ. ಡೋಸ್ ಸರಿಯಾದ ಮೇಲೂ ಕೆಲವರಿಗೆ ಸುಸ್ತು ಉಳಿಯುತ್ತದೆ. ಆಗ ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ನಿದ್ದೆ, ಮನಸ್ಸಿನ ಕುಗ್ಗುವಿಕೆ ಇವನ್ನೆಲ್ಲ ನೋಡಿಸಬೇಕು. ದಿನಾ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ನಡಿಗೆ ನಿಜಕ್ಕೂ ಸಹಾಯ ಮಾಡುತ್ತದೆ. "ಥೈರಾಯ್ಡ್‌ದು ಒಳ್ಳೆ ಕ್ಯಾನ್ಸರ್, ಇಷ್ಟಕ್ಕೆಲ್ಲ ಮಲಗಬೇಡಿ" ಎನ್ನುವ ಮಾತು ಮಾತ್ರ ಯಾರಿಗೂ ಸಹಾಯ ಮಾಡಿಲ್ಲ.

ಇನ್ನೊಂದು ತಪ್ಪು ಓದಿದವರಿಂದಲೇ ಆಗುತ್ತದೆ. ರಿಪೋರ್ಟಿನಲ್ಲಿ ಟಿಎಸ್‌ಎಚ್ 0.1ಕ್ಕಿಂತ ಕಡಿಮೆ ಇದ್ದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೆ, "ಡೋಸ್ ಜಾಸ್ತಿಯಾಗಿದೆ, ಅರ್ಧ ಮಾಡಿ" ಎನ್ನುತ್ತಾರೆ. ಟಿಎಸ್‌ಎಚ್ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್; ಅದು ಉಳಿದಿರಬಹುದಾದ ಕ್ಯಾನ್ಸರ್ ಕಣಗಳನ್ನೂ ಬೆಳೆಯಲು ಪ್ರಚೋದಿಸಬಲ್ಲದು. ಆದ್ದರಿಂದ ಅಪಾಯ ಹೆಚ್ಚಿರುವವರಲ್ಲಿ ಅದನ್ನು ಬೇಕೆಂದೇ ಹತ್ತಿಕ್ಕಿ ಇಡುತ್ತಾರೆ. ಅಪಾಯ ಕಡಿಮೆಯಿದ್ದರೆ ಅಷ್ಟು ಒತ್ತುವುದಿಲ್ಲ, ಯಾಕೆಂದರೆ ಅತಿಯಾದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಲ್ಯಾಬಿನವರು ಅಚ್ಚು ಹಾಕುವ ಮಿತಿ ಗ್ರಂಥಿ ಇರುವವರದ್ದು. ನಿಮ್ಮ ಮಿತಿ ಎಷ್ಟೆಂದು ನಿಮ್ಮ ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಎಲೆಕೋಸು, ಹೂಕೋಸು ತಿನ್ನಬಾರದೆಂಬ ಭಯ ಬೇಡ, ಅವು ತೊಂದರೆ ಕೊಡುವುದು ಇರುವ ಗ್ರಂಥಿಗೆ. ಅಯೋಡಿನ್ ಉಪ್ಪು ಬಿಡಬೇಕಾದದ್ದು ರೇಡಿಯೋ ಅಯೋಡಿನ್ ಕೊಡುವ ಮುಂಚಿನ ಒಂದೆರಡು ವಾರ ಮಾತ್ರ, ಜೀವಮಾನವಿಡೀ ಅಲ್ಲ. ಕಾಫಿಯ ಜೊತೆ ಮಾತ್ರೆ ನುಂಗಿದರೆ ಅದು ಸರಿಯಾಗಿ ಒಳಗೆ ಹೋಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿಗೆ ಮುಕ್ಕಾಲು, ಒಂದು ಗಂಟೆ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಕೂದಲಿಗೆಂದು ತೆಗೆದುಕೊಳ್ಳುವ ಬಯೋಟಿನ್ ರಿಪೋರ್ಟನ್ನೇ ಕೆಡಿಸುತ್ತದೆ, ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ.

ನನ್ನ ಸಿಟ್ಟು ಕೊತ್ತಂಬರಿಯ ಮೇಲಲ್ಲ. ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜುಗಳ ಮಗ್ಗುಲಲ್ಲಿರುವ ಬಡಾವಣೆ ನಮ್ಮದು. ಕಾರಿನ ಸದ್ದು ಸ್ವಲ್ಪ ಬದಲಾದರೂ ಮೆಕ್ಯಾನಿಕ್ಕನ್ನು ಹುಡುಕುವವರು, ಮನುಷ್ಯರ ಕುತ್ತಿಗೆಯ ವಿಷಯಕ್ಕೆ ಯಾರೋ ಕಳಿಸಿದ ವಾಟ್ಸಾಪ್ ಸಂದೇಶ ಸಾಕೆನ್ನುತ್ತಾರೆ. ಅದನ್ನು ಮುಂದಕ್ಕೆ ಕಳಿಸುವುದೇ ಸೇವೆ ಎಂದುಕೊಳ್ಳುತ್ತಾರೆ. ಅದನ್ನು ನಂಬಿ ಮಾತ್ರೆ ಬಿಟ್ಟವರ ಮನೆಗೆ ತಿಂಗಳ ನಂತರ ಹೋಗಿ ನೋಡಿದವರು ಅವರಲ್ಲಿ ಎಷ್ಟು ಜನ?

ಈ ಬರಹ ಓದುವವರಲ್ಲಿ ಯಾರಾದರೂ ಮಾತ್ರೆ ಬಿಟ್ಟು ಒಂದು ವಾರವಾಗಿದ್ದರೆ, ಏನೂ ಆಗಿಲ್ಲವಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ನಾಳೆ ಬೆಳಗ್ಗೆಯೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ.