ಹೊಸ ಬಣ್ಣದ ಕೆಳಗೆ ಹಳೆಯ ತುಕ್ಕು
ಹಿಂಗಾರಿ ಕಡಲೆ, ಜೋಳ ಮನೆಗೆ ಬರುವ ಮುನ್ನ ನವಲಗುಂದ, ಅಣ್ಣಿಗೇರಿ ಕಡೆಯ ರೈತರು ಹಳೆಯ ಟ್ರ್ಯಾಕ್ಟರ್ ಟ್ರೇಲರ್ ಹುಡುಕುವುದುಂಟು. ಚಳಿಗಾಲದಲ್ಲಿ, ಹೊಸ ಬಣ್ಣ ಬಳಿದ ಟ್ರೇಲರ್ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ಮೆತ್ತಿದ ಎರೆಮಣ್ಣು ನೀರನ್ನು ಬಹುದಿನ ಹಿಡಿದಿಡುತ್ತದೆ. ಆ ತೇವಕ್ಕೆ ಗಾಳಿಯ ಆಮ್ಲಜನಕ ಸೇರಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದಕ್ಕೇ ಕೆಳಗೆ ಬಗ್ಗಿ ಚಾಸಿಸ್ ನೋಡಬೇಕು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ. ತುಕ್ಕು ತಿಂದದ್ದರ ಸದ್ದು ಮಂದ. ಅಯಸ್ಕಾಂತ ಅಂಟದ ಕಡೆ ಪುಟ್ಟಿ ತುಂಬಿರಬಹುದು. ಟೈರಿನ ಮೇಲೆ 2318 ಎಂದಿದ್ದರೆ ಅದು 2018ರ 23ನೇ ವಾರದ ತಯಾರಿಕೆ. ಕೊಂಡಿಯ ಬೆಸುಗೆಯಲ್ಲಿ ಬಿರುಕಿದ್ದರೆ ಮಾತ್ರ ಬೆಲೆ ಎಷ್ಟೇ ಇಳಿದರೂ ಬೇಡ. ತುಂಬಿದ ಟ್ರೇಲರ್ ರಸ್ತೆಯಲ್ಲಿ ಕಳಚಿದರೆ ಹಣವಷ್ಟೇ ಅಲ್ಲ, ಜೀವವೂ ಹೋದೀತು. ನೋಡಲು ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ತುಕ್ಕಿನ ಪಾಠ ಅಲ್ಲೇ ಆಗುತ್ತದೆ.